ಆವತಿ ನಾಡಪ್ರಭುಗಳು

ಆವತಿ ನಾಡಪ್ರಭುಗಳು 15ನೆಯ ಶತಮಾನದಿಂದ 18ನೆಯ ಶತಮಾನದ ನಡುಭಾಗದವರೆಗೆ ಇಂದಿನ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಬಯಲು ನಾಡನ್ನು ಆಳಿದ ಮೊರಸು ಒಕ್ಕಲಿಗ ಮನೆತನ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಈ ಮನೆತನದ ಮುಖ್ಯ ಕೋಟೆಗಳು. ಯಲಹಂಕ, ಸುಗಟೂರು, ಹೊಳವನಹಳ್ಳಿ, ಕೊರಟಗೆರೆಯ ಪ್ರಭುಗಳೂ ಇದೇ ಗುಂಪಿನಿಂದ ಟಿಸಿಲೊಡೆದವರೆಂದು ಪರಂಪರೆ ಹೇಳುತ್ತದೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶದ ಮೂಲವನ್ನು ಹುಡುಕುತ್ತ ಹೊರಟವರು ಬಂದು ನಿಲ್ಲುವುದೂ ಆವತಿಯಲ್ಲೇ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಈ ಊರು, ಬೆನ್ನಿಗೊಂದು ಬೆಟ್ಟ, ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿಯ ಗುಡಿ, ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟಗಳ ಒಂದು ಸಾಧಾರಣ ಹಳ್ಳಿ.

ಮನೆತನದ ಹುಟ್ಟಿನ ಕಥೆ ಹೀಗಿದೆ. ಕಂಚಿಯ ಸೀಮೆಯಲ್ಲಿ ರಣಭೈರೇಗೌಡನೆಂಬ ಒಕ್ಕಲಿಗ ಮುಖಂಡನಿದ್ದ. ಅವನ ಮಗಳ ಚೆಲುವಿಗೆ ಮನಸೋತ ಅಲ್ಲಿನ ಪಾಳೆಯಗಾರನೊಬ್ಬ ಹೆಣ್ಣು ಕೇಳಿದ. ಕುಲ ಬೇರೆ, ಕೊಡಲು ಮನಸ್ಸಿಲ್ಲ; ಇಲ್ಲವೆಂದರೆ ಉಳಿಗಾಲವಿಲ್ಲ. ಏಳು ಮಂದಿ ಮುಖಂಡರು ಹೆಂಡತಿ ಮಕ್ಕಳನ್ನು, ದವಸ ಧಾನ್ಯವನ್ನು, ಮನೆದೇವರನ್ನು ಬಂಡಿಗೇರಿಸಿಕೊಂಡು ರಾತ್ರೋರಾತ್ರಿ ಊರು ಬಿಟ್ಟರು. ಹಿಂದೆ ಬೆನ್ನಟ್ಟಿದ ದಂಡು, ಮುಂದೆ ತುಂಬಿ ಹರಿವ ಪಾಲಾರ್ ನದಿ. ಹುಡುಗಿ ಗಂಗೆಗೆ ಕೈಮುಗಿದಾಗ ಹೊಳೆ ಇಬ್ಭಾಗವಾಗಿ ಬಂಡಿಗಳಿಗೆ ದಾರಿ ಕೊಟ್ಟಿತು, ದಂಡು ಆಚೆ ದಡದಲ್ಲೇ ಉಳಿಯಿತು. ಹೀಗೆ ಪಾರಾಗಿ ಬಂದವರು ನಂದಿ ಬೆಟ್ಟಕ್ಕೆ ಮೂಡಲಿನ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂಡಿ ಬಿಟ್ಟರು. ಆ ರಾತ್ರಿ ಕನಸಿನಲ್ಲಿ ದೇವರು ಇಲ್ಲೇ ನೆಲೆಸಿ ಎಂದ. ಅವರು ಕಟ್ಟಿಕೊಂಡ ಹಟ್ಟಿಯೇ ಆವತಿ.

ಹೊಳೆ ದಾರಿ ಬಿಟ್ಟದ್ದು ಕಥೆ. ಆದರೆ ಆ ಕಥೆಯೊಳಗೆ ಭೂಗೋಳದ ಒಂದು ನಿಜವಿದೆ. ಕಂಚಿಯ ಪಕ್ಕದಲ್ಲಿ ಹರಿದು ಸಮುದ್ರ ಸೇರುವ ಪಾಲಾರ್ ಹುಟ್ಟುವುದು ನಂದಿ ಬೆಟ್ಟದ ಸುತ್ತಲಿನ ಎತ್ತರದ ನಾಡಿನಲ್ಲಿ. ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳೂ ಇದೇ ಆಸುಪಾಸಿನಲ್ಲಿ ಹುಟ್ಟುತ್ತವೆ. ಹೊಳೆಯ ಜಾಡು ಹಿಡಿದು ಮೇಲಕ್ಕೆ ಬಂದ ಒಕ್ಕಲು ಕುಟುಂಬಗಳು ಅದರ ನೆತ್ತಿಯ ಬಳಿ ನೆಲೆ ನಿಂತವು ಎಂದು ಈ ವಲಸೆಯನ್ನು ಓದಬಹುದು. ನನಗೆ ಅದೇ ಹೆಚ್ಚು ಸಹಜವೆನಿಸುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆಯುವ ಈ ಸೀಮೆಗೆ ಮೊರಸುನಾಡು ಎಂಬ ಹಳೆಯ ಹೆಸರಿದೆ. ಇಲ್ಲಿನ ಮೊರಸು ಒಕ್ಕಲಿಗರಲ್ಲಿ ಕನ್ನಡ ಮನೆಮಾತಿನವರಂತೆ ತೆಲುಗು ಮನೆಮಾತಿನವರೂ ಇದ್ದಾರೆ.

ಇವರ ಮನೆದೇವರು ಭೈರವ. ಭೈರೇಗೌಡ, ಸಣ್ಣಭೈರೇಗೌಡ, ಮಲ್ಲಭೈರೇಗೌಡ ಎಂದು ಹೆಸರು ಹೆಸರಿನಲ್ಲೂ ಆ ದೇವರೇ ಇರುವುದರಿಂದ ಯಾವ ಭೈರೇಗೌಡ ಯಾರ ಮಗ ಎಂದು ಬಿಡಿಸುವುದು ಇತಿಹಾಸಕಾರರಿಗೆ ಇಂದಿಗೂ ತೊಡಕಿನ ಕೆಲಸ. ಬಂಡಿಯಲ್ಲಿ ಬಂದ ನೆನಪಿಗೆ ಬಂಡಿದೇವರ ಪೂಜೆ ನಡೆಯುತ್ತಿತ್ತು. ಅದರೊಂದಿಗೆ ಹೆಣ್ಣುಮಕ್ಕಳ ಬಲಗೈಯ ಉಂಗುರ ಬೆರಳು, ಕಿರುಬೆರಳುಗಳ ತುದಿಯನ್ನು ಕತ್ತರಿಸಿ ದೇವರಿಗೆ ಒಪ್ಪಿಸುವ ಕ್ರೂರ ಹರಕೆಯೂ ಇತ್ತು. ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿ ತನ್ನ ಬೆರಳು ಕೊಡಬೇಕಿತ್ತು ಎಂಬ ವಿವರಣೆಯೂ ಇದೆ. ಇದನ್ನು ಕೆಂಪೇಗೌಡರು ನಿಲ್ಲಿಸಿದರೆಂಬುದು ಜನಜನಿತ. ಆದರೆ 19ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಪದ್ಧತಿಯ ಬಗ್ಗೆ ಬರೆದದ್ದನ್ನು ನೋಡಿದರೆ ಎಲ್ಲ ಕಡೆಯೂ ಅದು ಒಮ್ಮೆಗೇ ನಿಂತಿರಲಿಲ್ಲವೆಂಬುದು ಸ್ಪಷ್ಟ. ಸರ್ಕಾರ ನಿಷೇಧಿಸಿದ ಮೇಲೆ ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಚಿಪ್ಪು ತೊಡಿಸಿ, ಬೆರಳಿನ ಬದಲು ಅದನ್ನೇ ಕಿತ್ತು ಒಪ್ಪಿಸುವ ರೂಢಿ ಬಂತು.

ಆವತಿಯಲ್ಲಿ ಎಲ್ಲರೂ ಬಹುಕಾಲ ಒಟ್ಟಿಗಿರಲಿಲ್ಲ. ಜಯಗೌಡ ಯಲಹಂಕಕ್ಕೆ ಹೋದ. ಅವನ ಕುಡಿಯೇ ಕೆಂಪೇಗೌಡರ ವಂಶ. ತಿಮ್ಮೇಗೌಡ ಮೂಡಲಿಗೆ ಹೋಗಿ ಸುಗಟೂರಿನ ಮನೆತನಕ್ಕೆ ಮೂಲಪುರುಷನಾದ. ಉಳಿದವರಲ್ಲಿ ಕೆಲವರು ಪಡುವಲಿಗೆ, ಇಂದಿನ ತುಮಕೂರು ಸೀಮೆಯ ಹೊಳವನಹಳ್ಳಿ, ಕೊರಟಗೆರೆಯತ್ತ ಹರಡಿದರು. ಆವತಿಯ ಹಿರಿಯ ಶಾಖೆ ದೇವನಹಳ್ಳಿ ಮತ್ತು ಎರಡು ಬಳ್ಳಾಪುರಗಳನ್ನು ಹಿಡಿದು ನಿಂತಿತು. ತಮ್ಮಂದಿರು ಅಣ್ಣನ ಕೋಟೆಗಾಗಿ ಕತ್ತಿ ಹಿರಿಯುವ ಬದಲು ಹೊಸ ಜಾಗ ಹುಡುಕಿ ಹೊಸ ಕೋಟೆ ಹಾಕುವುದು ಈ ಕುಲದ ಕ್ರಮವಾಗಿತ್ತು. ಬಯಲುಸೀಮೆಯಲ್ಲಿ ಆಗ ಕಾಡು ಬಹಳ, ಜನ ಕಡಿಮೆ. ಆದ್ದರಿಂದ ಅದು ಸಾಧ್ಯವಾಯಿತು.

ಪಾಳೆಯಗಾರ ಎಂಬ ಹೆಸರು ಇವರಿಗೆ ಚೆನ್ನಾಗಿ ಹೊಂದುವುದಿಲ್ಲ. ಶಾಸನಗಳಲ್ಲಿ ಇವರು ತಮ್ಮನ್ನು ಕರೆದುಕೊಂಡದ್ದು ನಾಡಪ್ರಭು ಎಂದು. ಊರಿಗೆ ಗೌಡ, ಹಲವು ಊರು ಸೇರಿದ ನಾಡಿಗೆ ನಾಡಗೌಡ, ಅವನೇ ಬೆಳೆದರೆ ನಾಡಪ್ರಭು. ಅಂದರೆ ಮೇಲಿನ ಅರಸ ದಂಡು ಕೊಟ್ಟು ಕಳಿಸಿದ ಅಧಿಕಾರಿಯಲ್ಲ. ನೇಗಿಲಿನ ಹಿಂದಿನಿಂದ ಎದ್ದು ಬಂದ ಒಡೆಯ. ವಿಜಯನಗರಕ್ಕೆ, ಮುಂದೆ ಪೆನುಗೊಂಡೆಗೆ ಕಪ್ಪ ಕಾಣಿಕೆ ಸಲ್ಲಬೇಕು, ಕರೆ ಬಂದಾಗ ದಂಡು ಹೋಗಬೇಕು. ಒಳಾಡಳಿತದಲ್ಲಿ ಅರಸರು ಕೈಹಾಕುತ್ತಿರಲಿಲ್ಲ. ಪ್ರಭುವಿನ ದಂಡಿನ ಬಹುಪಾಲು ಕಂದಾಚಾರದ ಆಳುಗಳು: ಉಂಬಳಿ ಹೊಲ ಉತ್ತುಕೊಂಡಿದ್ದು, ಕೊಂಬು ಊದಿದಾಗ ಈಟಿ ಹಿಡಿದು ಬರುವ ರೈತರು.

ಇಂಥ ಆಡಳಿತದ ನಿಜವಾದ ಬಲ ಇದ್ದದ್ದು ಕೆರೆಯಲ್ಲಿ. ಈ ನಾಡಿನಲ್ಲಿ ಹೊಳೆಗಳು ಹುಟ್ಟುತ್ತವೆಯೇ ಹೊರತು ತುಂಬಿ ಹರಿಯುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಏರಿ ಹಾಕಿ ನಿಲ್ಲಿಸದಿದ್ದರೆ ರಾಗಿಯಾಚೆಗೆ ಬೇರೆ ಬೆಳೆಯಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಹೀಗೆ ಕೆರೆಗಳು ಸರಪಳಿಯಂತೆ ಒಂದರ ಕೈ ಒಂದು ಹಿಡಿದಿವೆ. ಕೆರೆ ಕಟ್ಟಿಸಿದವನಿಗೆ ಅಚ್ಚುಕಟ್ಟಿನಲ್ಲಿ ಕಟ್ಟುಕೊಡಗೆ ಎಂಬ ಮಾನ್ಯದ ಭೂಮಿ ಸಿಗುತ್ತಿತ್ತು. ತೂಬು ಎತ್ತಿ ಗದ್ದೆ ಗದ್ದೆಗೂ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಅವನಿಗೆ ಕೂಲಿ ಸುಗ್ಗಿಯ ಕಣದಲ್ಲೇ. ಹೊಸ ಕೋಟೆ ಹಾಕಿದ ಪ್ರಭು ಮೊದಲು ಕೆರೆ ನೋಡುತ್ತಿದ್ದ, ಆಮೇಲೆ ಪೇಟೆ. ಕೋಟೆ, ಕೆರೆ, ಪೇಟೆ ಮೂರೂ ಕೂಡಿದರೆ ಅದೊಂದು ರಾಜಧಾನಿ. ಬೆಂಗಳೂರು ಹುಟ್ಟಿದ್ದೂ ಇದೇ ಅಚ್ಚಿನಲ್ಲಿ.

ಚಿಕ್ಕಬಳ್ಳಾಪುರದ ಕೋಟೆ 1479ರ ಸುಮಾರಿನದು. ಕಟ್ಟಿಸಿದವನು ಆವತಿಯ ಮರಿಗೌಡನ ಮಗ ಮಲ್ಲಭೈರೇಗೌಡನೆಂದು ಪರಂಪರೆ. ಕೋಡಿಮಂಚನಹಳ್ಳಿಯ ಬಳಿ ಬೇಟೆಯಾಡುವಾಗ ಮೊಲವೊಂದು ಬೇಟೆನಾಯಿಗಳಿಗೇ ತಿರುಗಿ ನಿಂತಿತಂತೆ. ಗಂಡುಭೂಮಿಯ ಈ ಕಥೆ ಕನ್ನಡನಾಡಿನ ಹತ್ತಾರು ಕೋಟೆಗಳಿಗೆ ಅಂಟಿಕೊಂಡಿದೆ. ದೊಡ್ಡಬಳ್ಳಾಪುರದ ಹೆಸರಿಗೆ ಹೇಳುವ ಕಥೆ ಬೇರೆ: ಹಸುವೊಂದು ದಿನವೂ ಒಂದು ಬಳ್ಳ ಹಾಲನ್ನು ಹುತ್ತದ ಮೇಲೆ ಕರೆಯುತ್ತಿತ್ತಂತೆ, ಆ ಬಳ್ಳದಿಂದ ಬಳ್ಳಾಪುರ.

ದೇವನಹಳ್ಳಿಗೆ ಹಿಂದೆ ದೇವನದೊಡ್ಡಿ ಎಂಬ ಹೆಸರಿತ್ತು. 1501ರಲ್ಲಿ ಮಲ್ಲಭೈರೇಗೌಡ ಇಲ್ಲಿ ಮಣ್ಣಿನ ಕೋಟೆ ಹಾಕಿದ. ಇಂದು ನಾವು ನೋಡುವ ಕಲ್ಲಿನ ಗೋಡೆ ಹೈದರಾಲಿ ಮತ್ತು ಟಿಪ್ಪುವಿನ ಕಾಲದ್ದು. ಸುಮಾರು 20 ಎಕರೆಯ ಮೊಟ್ಟೆಯಾಕಾರದ ಕೋಟೆ, ಹನ್ನೆರಡು ಅರೆದುಂಡು ಕೊತ್ತಲಗಳು, ಮೂಡಲಿಗೂ ಪಡುವಲಿಗೂ ಬಾಗಿಲು. ಗೋಡೆಯ ಹತ್ತಿರ ಹೋಗಿ ನಿಂತರೆ ಎರಡು ಬಗೆಯ ಕೆಲಸ ಕಾಣುತ್ತದೆ. ಕೆಳಗೆ ಚಪ್ಪಟೆಯಾಗಿ ಕಡೆದು ಕೂರಿಸಿದ ಕಗ್ಗಲ್ಲು. ಮೇಲೆ ಇಟ್ಟಿಗೆ ಗಾರೆಯ ಕೈಪಿಡಿ ಗೋಡೆ, ಅದರಲ್ಲಿ ಕೋವಿ ಚಾಚಲು ಓರೆಯಾಗಿ ಬಿಟ್ಟ ಕಂಡಿಗಳು. ಈಟಿ, ಬಿಲ್ಲಿನ ಕಾಲದಲ್ಲಿ ಹಾಕಿದ ಕೋಟೆ ಫಿರಂಗಿಯ ಕಾಲಕ್ಕೆ ಹೇಗೆ ಮೈ ಬದಲಿಸಿಕೊಂಡಿತೆಂಬುದು ಈ ಗೋಡೆಯಲ್ಲಿ ಕಾಣುತ್ತದೆ. ಒಳಗೆ ಊರು ಇನ್ನೂ ಬಾಳುತ್ತಿದೆ: ಮನೆಗಳು, ಬೀದಿಗಳು, ಹೊರಗೋಡೆಯಲ್ಲಿ ರಾಮಾಯಣದ ಮತ್ತು ಬಾಲಕೃಷ್ಣನ ಲೀಲೆಯ ಉಬ್ಬುಶಿಲ್ಪಗಳಿರುವ ವೇಣುಗೋಪಾಲಸ್ವಾಮಿ ದೇವಾಲಯ.

ಹೊಸಕೋಟೆ ಸುಗಟೂರು ಶಾಖೆಯ ಕೆಲಸ. ಚಿಕ್ಕರಾಯ ಎಂಬ ಬಿರುದು ಪಡೆದಿದ್ದ ತಮ್ಮೇಗೌಡ ಸುಮಾರು 1595ರಲ್ಲಿ ಹೊಸದಾಗಿ ಕೋಟೆ ಹಾಕಿದ್ದರಿಂದ ಊರಿಗೆ ಆ ಹೆಸರು. ದಕ್ಷಿಣ ಪಿನಾಕಿನಿಯ ನೀರಿಗೆ ಅವನು ಕಟ್ಟಿಸಿದ ದೊಡ್ಡ ಕೆರೆಯ ಏರಿ ಎರಡು ಮೈಲಿ ಉದ್ದ. ತುಂಬಿದಾಗ ಕೆರೆಯ ಸುತ್ತಳತೆ ಹತ್ತು ಮೈಲಿಯೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ.

ಯಲಹಂಕದ ಶಾಖೆಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆ ಹಾಕಿದರು. ಅಪ್ಪಣೆಯಿಲ್ಲದೆ ಭೈರವನ ಹೆಸರಿನ ನಾಣ್ಯ ಟಂಕಿಸಿದರೆಂದು ವಿಜಯನಗರದ ಅರಸ ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟ ಪ್ರಸಂಗ ಮಾತ್ರ ಇಲ್ಲಿ ಮುಖ್ಯ. ನಾಡಪ್ರಭು ಎಷ್ಟೇ ಬೆಳೆದರೂ ಅವನ ತಲೆಯ ಮೇಲೊಂದು ಸೂರು ಇತ್ತು, ಅದಕ್ಕೆ ತಲೆ ತಾಗಿಸುವಂತಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟ ಈ ಶಾಖೆಯ ಭಕ್ತಿಯ ನೆಲೆ. ಅಲ್ಲಿನ ಗಂಗಾಧರೇಶ್ವರ ದೇವಾಲಯದಲ್ಲಿ ಕೈಮುಗಿದು ನಿಂತ ಕೆಂಪೇಗೌಡರ ಲೋಹದ ವಿಗ್ರಹವಿದೆ.

ವಿಜಯನಗರವೆಂಬ ಆ ಸೂರು 1565ರ ರಕ್ಕಸತಂಗಡಿ ಯುದ್ಧದಲ್ಲಿ ಬಿರುಕು ಬಿಟ್ಟಿತು. ಮೊದಲ ಕೆಲವು ದಶಕ ಅದರಿಂದ ನಾಡಪ್ರಭುಗಳಿಗೆ ಲಾಭವೇ ಆಯಿತು. ಕಪ್ಪ ಕೇಳುವ ಅರಸ ದೂರದ ಪೆನುಗೊಂಡೆಯಲ್ಲಿ ಬಡವಾಗಿ ಕುಳಿತಿದ್ದ. ಪ್ರಭುಗಳು ಸ್ವತಂತ್ರರಂತೆ ಬೆಳೆದರು. ಆದರೆ ಮಳೆ ಬಂದಾಗ ಸೂರಿಲ್ಲದ ಮನೆ ಏನಾಗುತ್ತದೋ ಅದೇ ಆಯಿತು. 1638ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ನಾಡಿನ ಮೇಲೆ ಬಂದಾಗ ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ ಒಂದರ ಹಿಂದೆ ಒಂದು ಕೈಬಿಟ್ಟವು. ಯಲಹಂಕದವರು ಮಾಗಡಿಗೆ ಹಿಂದೆಗೆದರು. ಗೆದ್ದ ನೆಲ ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಗಿ ಹೋಯಿತು. ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರ ಮಾತ್ರ ಆವತಿಯವರ ಕೈಯಲ್ಲಿ ಉಳಿದವು.

ಹೀಗಾಗಿ ಆವತಿಯ ಪತನಕ್ಕೆ ಒಂದೇ ಇಸವಿ ಹೇಳಲಾಗುವುದಿಲ್ಲ. ಒಂದು ಕೊಂಬೆ ಕಡಿದು ಬಿದ್ದರೂ ಇನ್ನೊಂದು ಕೊಂಬೆ ನೂರು ವರ್ಷ ಹಸಿರಾಗಿತ್ತು. 1638ರಿಂದ 1762ರವರೆಗೆ, ನೂರ ಇಪ್ಪತ್ತನಾಲ್ಕು ವರ್ಷ ಹಿಡಿಯಿತು ಈ ಮರ ಪೂರ್ತಿ ಉರುಳಲು.

ದೊಡ್ಡಬಳ್ಳಾಪುರ ಮರಾಠರಿಂದ ಮೊಗಲರಿಗೆ, ಅವರ ಶಿರಾ ಸುಬೇದಾರಿಗೆ ಸೇರಿತು. ಇಲ್ಲಿ ನಡೆದ ಒಂದು ಘಟನೆ ಮುಂದೆ ಇಡೀ ಮೈಸೂರಿನ ಇತಿಹಾಸಕ್ಕೆ ತಾಗಿತು. ಶಿರಾದ ಸುಬೇದಾರನ ಕೈಕೆಳಗೆ ಫೌಜುದಾರನಾಗಿದ್ದ ಫತೆ ಮಹಮ್ಮದ್ ಯುದ್ಧದಲ್ಲಿ ಸತ್ತಾಗ ಅವನ ಕುಟುಂಬ ದೊಡ್ಡಬಳ್ಳಾಪುರದಲ್ಲಿತ್ತು. ಸಾಲ ಬಾಕಿಯಿದೆಯೆಂಬ ನೆಪದಲ್ಲಿ ಅಲ್ಲಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಅವರ ಆಸ್ತಿಯನ್ನೆಲ್ಲ ಕಸಿದುಕೊಂಡ. ಹಣ ಕಕ್ಕಿಸಲು ಇಬ್ಬರು ಎಳೆಯ ಮಕ್ಕಳನ್ನು ನಗಾರಿಯೊಳಗೆ ತುರುಕಿ ಹೊರಗಿನಿಂದ ಬಾರಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಆ ಮಕ್ಕಳಲ್ಲಿ ಕಿರಿಯವನು ಹೈದರ್. 1761ರಲ್ಲಿ ಅವನು ದಂಡು ತೆಗೆದುಕೊಂಡು ದೊಡ್ಡಬಳ್ಳಾಪುರಕ್ಕೆ ಬಂದಾಗ ಅಬ್ಬಾಸ್ ಕುಲಿ ಖಾನ್ ಹೆಂಡತಿ ಮಕ್ಕಳನ್ನೂ ಬಿಟ್ಟು ಮದರಾಸಿಗೆ ಓಡಿದ. ಹೈದರ್ ಆ ಕುಟುಂಬವನ್ನು ಗೌರವದಿಂದ ನಡೆಸಿಕೊಂಡ.

ಅಷ್ಟರಲ್ಲಿ ದಕ್ಷಿಣದಿಂದ ಮೈಸೂರು ಬೆಳೆಯುತ್ತಿತ್ತು. 1728ರಲ್ಲಿ ದಳವಾಯಿ ದೇವರಾಜಯ್ಯ ಮಾಗಡಿಯನ್ನು ಹಿಡಿದ. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಇಪ್ಪತ್ತು ವರ್ಷಗಳ ಮೇಲೆ ದೇವನಹಳ್ಳಿಯ ಸರದಿ. 1749ರಲ್ಲಿ ಮೈಸೂರಿನ ನಂಜರಾಜಯ್ಯನ ದಂಡು ಕೋಟೆಗೆ ಮುತ್ತಿಗೆ ಹಾಕಿತು. ಕೋಟೆ ಬೇಗ ಬಗ್ಗಲಿಲ್ಲ. ಅಣ್ಣ ಶಹಬಾಜ್‌ನ ಜೊತೆ ಸ್ವಂತ ಇಚ್ಛೆಯಿಂದ ಬಂದಿದ್ದ ಹೈದರ್ ಎಲ್ಲರ ಕಣ್ಣಿಗೆ ಬಿದ್ದದ್ದು ಈ ಮುತ್ತಿಗೆಯಲ್ಲೇ. ಕಂದಕದ ಅಂಚಿನಲ್ಲಿ ಅವನ ಧೈರ್ಯ ಕಂಡು ನಂಜರಾಜಯ್ಯ ಅವನಿಗೆ 50 ಕುದುರೆ, 200 ಕಾಲಾಳುಗಳ ದಳ ಕೊಟ್ಟು, ಗೆದ್ದ ಕೋಟೆಯ ಒಂದು ಬಾಗಿಲ ಕಾವಲು ಒಪ್ಪಿಸಿದ. ಮರುವರ್ಷ, 1750ರಲ್ಲಿ, ಅದೇ ಊರಿನಲ್ಲಿ ಟಿಪ್ಪು ಹುಟ್ಟಿದ. ಒಂದು ರಾಜ್ಯ ಮುಗಿದ ಜಾಗದಲ್ಲೇ ಇನ್ನೊಂದರ ಆರಂಭ. ದೇವನಹಳ್ಳಿಯ ಪ್ರಭುವಿಗೆ ಹೊರಟುಹೋಗಲು ಅವಕಾಶ ಸಿಕ್ಕಿತು. ಅವನು ಚಿಕ್ಕಬಳ್ಳಾಪುರದ ದಾಯಾದಿಯ ಆಶ್ರಯ ಪಡೆದ.

ಉಳಿದದ್ದು ಚಿಕ್ಕಬಳ್ಳಾಪುರ. ಹಿಂದೆ ಬೈಚೇಗೌಡನ ಕಾಲದಲ್ಲಿ ಮೈಸೂರಿನ ದಂಡನ್ನು ಮರಾಠರ ನೆರವಿನಿಂದ ಹಿಮ್ಮೆಟ್ಟಿಸಿದ ಊರದು. ಹಿಂದೆಯೇ ನಂದಿದುರ್ಗ, ಮೂರು ಕಡೆ ಕಡಿದಾದ ಬಂಡೆ. 1762ರಲ್ಲಿ ಹೈದರ್ ಮುತ್ತಿದಾಗ ಚಿಕ್ಕಪ್ಪಗೌಡ ಮೊದಲು ಕಾಣಿಕೆ ಒಪ್ಪಿಕೊಂಡು ಅವನನ್ನು ಹಿಂದೆ ಕಳಿಸಿದ. ಹೈದರನ ದಂಡು ದೇವನಹಳ್ಳಿಗೆ ಸರಿದದ್ದೇ ತಡ, ಗುತ್ತಿಯ ಮುರಾರಿರಾಯನ ಮರಾಠಾ ಪಡೆಯನ್ನು ಕೋಟೆಯೊಳಕ್ಕೆ ಕರೆಸಿಕೊಂಡು ತಾನು ನಂದಿಯ ಮೇಲೇರಿ ಕುಳಿತ. ಇದು ಅವನ ಕೊನೆಯ ಲೆಕ್ಕಾಚಾರ. ಹೈದರ್ ತಿರುಗಿ ಬಂದು ಊರನ್ನೂ ದುರ್ಗವನ್ನೂ ಹಿಡಿದ. ಚಿಕ್ಕಪ್ಪಗೌಡ ಕುಟುಂಬ ಸಮೇತ ಸೆರೆಯಾಗಿ ಬೆಂಗಳೂರಿಗೆ, ಅಲ್ಲಿಂದ ಕೊಯಮತ್ತೂರಿಗೆ ಹೋದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಹಿಡಿದ ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸ್ ಉತ್ತರಕ್ಕೆ ಬಂದು ದೇವನಹಳ್ಳಿ, ಚಿಕ್ಕಬಳ್ಳಾಪುರಗಳನ್ನು ತೆಗೆದುಕೊಂಡಾಗ ವಂಶದ ನಾರಾಯಣಗೌಡನಿಗೆ ಚಿಕ್ಕಬಳ್ಳಾಪುರ ಒಪ್ಪಿಸಿದ. ಟಿಪ್ಪುವಿನ ಪಡೆ ಅದನ್ನು ಬಹುಬೇಗ ಕಿತ್ತುಕೊಂಡಿತು. ಅದೇ ವರ್ಷದ ಅಕ್ಟೋಬರ್ 19ರಂದು ನಂದಿದುರ್ಗ ಇಂಗ್ಲಿಷರಿಗೆ ಬಿತ್ತು, ಆದರೆ ಆ ವೇಳೆಗೆ ಅದು ಆವತಿಯವರ ದುರ್ಗವಾಗಿರಲಿಲ್ಲ.

ಪತನಕ್ಕೆ ದಾಯಾದಿ ಜಗಳವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ನಿಜವೂ ಅಲ್ಲ. ದೇವನಹಳ್ಳಿಯವನಿಗೆ ಬಾಗಿಲು ತೆರೆದದ್ದು ಚಿಕ್ಕಬಳ್ಳಾಪುರದ ದಾಯಾದಿಯೇ. ಇವರನ್ನು ಕೆಡವಿದ್ದು ಅಳತೆ. ಒಂದು ಕೆರೆ, ಒಂದು ಪೇಟೆ, ಅರವತ್ತು ಎಪ್ಪತ್ತು ಹಳ್ಳಿಗಳ ಅಳತೆಗೆ ಹೊಂದುವ ರಾಜ್ಯ ಕಟ್ಟುವುದರಲ್ಲಿ ಆವತಿಯವರನ್ನು ಮೀರಿಸಿದವರಿಲ್ಲ. ಬಡ ಬಯಲಿನಲ್ಲಿ ನೀರು ನಿಲ್ಲಿಸಿ ಊರು ಬೆಳೆಸಲು ಆ ಅಳತೆಯೇ ಸರಿ. ಆದರೆ 17ನೆಯ ಶತಮಾನದಿಂದ ಯುದ್ಧದ ಅಳತೆ ಬದಲಾಯಿತು. ಸಂಬಳದ ಸಿಪಾಯಿ, ಸಾವಿರಾರು ಕುದುರೆ, ಗೋಡೆ ಒಡೆಯುವ ಫಿರಂಗಿ ಬಂದವು. ಇವುಗಳ ಖರ್ಚನ್ನು ಒಂದು ಕೆರೆಯ ಅಚ್ಚುಕಟ್ಟು ತೂಗಲಾರದು. ಸುಗ್ಗಿಗೆ ಮನೆಗೆ ಮರಳುವ ಕಂದಾಚಾರದ ಆಳು ತಿಂಗಳುಗಟ್ಟಲೆ ಮುತ್ತಿಗೆ ತಡೆಯಲಾರ. ಅಣ್ಣತಮ್ಮಂದಿರು ಬೇರೆ ಬೇರೆ ಕೋಟೆ ಕಟ್ಟಿದ್ದು ಅವರ ಏಳಿಗೆಗೆ ಕಾರಣವಾದಂತೆ, ಆ ಕೋಟೆಗಳನ್ನು ಒಂದೊಂದಾಗಿ ಮುರಿಯಲು ಶತ್ರುವಿಗೂ ಅನುಕೂಲವಾಯಿತು.

ಮನೆತನದ ಚರಿತ್ರೆಗೆ ಆಧಾರವಾಗಿರುವ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳ ಸಂಪುಟಗಳಲ್ಲಿ, 1905ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹಲವು ದಾನ ಶಾಸನಗಳು: ಇಂಥ ದೇವರಿಗೆ ಇಂಥ ಹಳ್ಳಿ, ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ತಾಲ್ಲೂಕುಗಳಲ್ಲಿ ಇಂದು ಹೊಲಗಳು ನಿವೇಶನಗಳಾಗುತ್ತಿವೆ. ಬದುವಿನಲ್ಲಿ ನಿಂತ ಅಕ್ಷರದ ಕಲ್ಲು ಜೆಸಿಬಿಯ ಬಾಯಿಗೆ ಸಿಕ್ಕರೆ ಅದರೊಂದಿಗೆ ಒಂದು ಊರಿನ ಚರಿತ್ರೆಯೇ ಹೋಗುತ್ತದೆ. ದೇವನಹಳ್ಳಿ ತಾಲ್ಲೂಕಿನ ನೆಲದಲ್ಲೇ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಅದಕ್ಕೆ ಕೆಂಪೇಗೌಡರ ಹೆಸರಿಟ್ಟದ್ದು 2013ರಲ್ಲಿ, 108 ಅಡಿಯ ಪ್ರತಿಮೆ ಅನಾವರಣಗೊಂಡದ್ದು 2022ರ ನವೆಂಬರ್ 11ರಂದು. ಆ ಹೆಸರಿನ ಬೇರು ಅದೇ ಹೆದ್ದಾರಿಯಲ್ಲಿ ಸ್ವಲ್ಪ ದೂರ ಉತ್ತರಕ್ಕಿರುವ ಆವತಿಯಲ್ಲಿದೆ. ಈ ತಾಲ್ಲೂಕುಗಳ ಓದುಗರು ತಮ್ಮ ಹೊಲದಲ್ಲೋ ಗುಡಿಯ ಹಿಂದೆಯೋ ಕೆರೆ ಏರಿಯ ಮೇಲೋ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಕಿತ್ತು ಸರಿಸದೆ, ಸುಣ್ಣ ಬಳಿಯದೆ, ಪಟ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಬೇಕು.